ಮೂರು ಸಾವಿರ ಡಾಲರಿನ ಹೊಸ್ತಿಲು

2008ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಲಕ್ಷಾಂತರ ವೃದ್ಧರಿಗೂ ಅಂಗವಿಕಲರಿಗೂ ಅಲ್ಲಿನ ಆದಾಯ ತೆರಿಗೆ ಇಲಾಖೆಯಿಂದ ಒಂದು ಲಕೋಟೆ ಬಂತು. ತೆರಿಗೆ ಲೆಕ್ಕ ಸಲ್ಲಿಸಿ ಎಷ್ಟೋ ವರ್ಷಗಳಾಗಿದ್ದವರು ಅವರು. ಕೆಲವರಂತೂ ಜನ್ಮದಲ್ಲಿ ಒಮ್ಮೆಯೂ ಆ ಗೊಡವೆಗೆ ಹೋದವರಲ್ಲ. ತೆರಿಗೆ ಇಲಾಖೆಯ ಲಕೋಟೆ ಕಂಡರೆ ಯಾವ ದೇಶದಲ್ಲಾದರೂ ಎದೆ ಒಮ್ಮೆ ಧಸಕ್ ಎನ್ನುವುದು ಸಹಜ. ಆದರೆ ಇದರೊಳಗೆ ಇದ್ದದ್ದು ನೋಟೀಸಲ್ಲ, 1040ಎ ಎಂಬ ನಮೂನೆ. ಅದರ ನೆತ್ತಿಯ ಮೇಲೆ 'ಸ್ಟಿಮ್ಯುಲಸ್ ಪೇಮೆಂಟ್' ಎಂದು ಬರೆಯಬೇಕು. ಹೆಸರು, ವಿಳಾಸ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ತುಂಬಬೇಕು. 14ಎ ಎಂಬ ಸಾಲಿನಲ್ಲಿ ಹಿಂದಿನ ವರ್ಷ ಬಂದ ಸೋಷಿಯಲ್ ಸೆಕ್ಯುರಿಟಿ ಹಣವನ್ನು ನಮೂದಿಸಿ ರುಜು ಹಾಕಿ ಕಳಿಸಬೇಕು. ತೆರಿಗೆಯನ್ನೇ ಕಟ್ಟದವರಿಗೆ ತೆರಿಗೆ ಇಲಾಖೆಯಿಂದ ಹಣ ಬರುವ ಏರ್ಪಾಡು ಅದು.

ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ 2008ರ ಫೆಬ್ರುವರಿ 13ರಂದು ಸಹಿ ಹಾಕಿದ ಆರ್ಥಿಕ ಉತ್ತೇಜನ ಕಾಯಿದೆ ಇದಕ್ಕೆ ಮೂಲ. ಮನೆ ಸಾಲಗಳ ವ್ಯವಹಾರ ಕುಸಿಯುತ್ತಿತ್ತು, ಅಂಗಡಿಗಳಲ್ಲಿ ವ್ಯಾಪಾರ ಇಳಿಮುಖವಾಗಿತ್ತು. ಜನರ ಕೈಗೆ ಒಂದಿಷ್ಟು ಹಣ ಕೊಟ್ಟರೆ ಅವರು ಅದನ್ನು ಖರ್ಚು ಮಾಡುತ್ತಾರೆ, ಪೇಟೆ ಚೇತರಿಸಿಕೊಳ್ಳುತ್ತದೆ ಎಂಬುದು ಲೆಕ್ಕಾಚಾರ. ಒಬ್ಬರಿಗೆ ಹೆಚ್ಚೆಂದರೆ 600 ಡಾಲರ್, ದಂಪತಿಗೆ 1,200, 17 ವರ್ಷದೊಳಗಿನ ಪ್ರತಿ ಮಗುವಿಗೆ 300. ಏಪ್ರಿಲ್ 28ರಿಂದ ಹಣ ಬ್ಯಾಂಕ್ ಖಾತೆಗಳಿಗೆ ಬರತೊಡಗಿತು. ಯಾರಿಗೆ ಯಾವಾಗ ಎಂಬುದನ್ನು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ಎರಡು ಅಂಕಿ ನಿರ್ಧರಿಸುತ್ತಿತ್ತು.

ಇದಕ್ಕೆ ಜನ ಇಟ್ಟ ಹೆಸರು 'ರಿಬೇಟ್', ಅಂದರೆ ತೆರಿಗೆ ವಾಪಸಾತಿ. ವಾಪಸು ಕೊಡಬೇಕಾದರೆ ಮೊದಲು ಪಡೆದಿರಬೇಕಲ್ಲವೇ? 2001ರಲ್ಲಿ ಇದೇ ಬುಷ್ ಸರ್ಕಾರ ಒಬ್ಬರಿಗೆ 300, ದಂಪತಿಗೆ 600 ಡಾಲರ್ ವರೆಗೆ ಹಂಚಿದಾಗ ಈ ತರ್ಕವನ್ನೇ ಅನುಸರಿಸಿತ್ತು. ತೆರಿಗೆ ಬಾಬತ್ತು ಇದ್ದವರಿಗೆ ಮಾತ್ರ ಚೆಕ್ಕು. ಅಂಗವಿಕಲ ವೇತನವೊಂದರಲ್ಲೇ ಬದುಕುವವನಿಗೆ ತೆರಿಗೆಯೇ ಇಲ್ಲ, ಆದ್ದರಿಂದ ವಾಪಸಾತಿಯೂ ಇಲ್ಲ. ಭಾರತದ ಆದಾಯ ತೆರಿಗೆ ಕಾಯಿದೆಯಲ್ಲಿ 87ಎ ಕಲಮಿನ ರಿಯಾಯಿತಿ ಎಂದು ಹೆಸರಾದದ್ದೂ ಇದೇ ಜಾತಿಯದು. ಅದು ಕಟ್ಟಬೇಕಾದ ತೆರಿಗೆಯನ್ನು ಸೊನ್ನೆಗೆ ಇಳಿಸಬಲ್ಲದೇ ಹೊರತು ಸೊನ್ನೆಯಿಂದ ಕೆಳಗಿಳಿದು ಕೈಗೆ ಕಾಸು ಕೊಡುವುದಿಲ್ಲ. 2008ರ ಕಾಯಿದೆ ಈ ಗೆರೆಯನ್ನು ದಾಟಿತು. ತೆರಿಗೆ ಇಲ್ಲದವರಿಗೂ ಕನಿಷ್ಠ 300 ಡಾಲರ್, ದಂಪತಿಗಾದರೆ 600. ಆದರೆ ಒಂದು ಷರತ್ತು: ವರ್ಷಕ್ಕೆ ಕನಿಷ್ಠ 3,000 ಡಾಲರ್ 'ಅರ್ಹ ಆದಾಯ' ಇರಬೇಕು.

ಈ 'ಅರ್ಹ' ಎಂಬ ಒಂದು ಪದದಲ್ಲಿ ಎಲ್ಲ ತೊಡಕೂ ಅಡಗಿದೆ.

ಜನವರಿ 29ರಂದು ಪ್ರತಿನಿಧಿ ಸಭೆ ಒಪ್ಪಿದ ಮಸೂದೆಯಲ್ಲಿ ದುಡಿದು ಗಳಿಸಿದ ಹಣ ಮಾತ್ರ ಅರ್ಹ ಆದಾಯವಾಗಿತ್ತು. ಹಾಗಾದರೆ ಜೀವನವಿಡೀ ದುಡಿದು ಈಗ ನಿವೃತ್ತರಾದವರು? ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರು? ಸೆನೆಟ್ಟಿನಲ್ಲಿ ಗದ್ದಲವಾಯಿತು. ಸುಮಾರು 2 ಕೋಟಿ ಹಿರಿಯರು ಮತ್ತು 2.5 ಲಕ್ಷ ಅಂಗವಿಕಲ ಮಾಜಿ ಸೈನಿಕರು ಹೊರಗುಳಿಯುತ್ತಾರೆ ಎಂಬ ಲೆಕ್ಕ ಮುಂದೆ ಬಂತು. ಫೆಬ್ರುವರಿ 7ರಂದು ಸೆನೆಟ್ ತಿದ್ದುಪಡಿಯಾದ ಮಸೂದೆಯನ್ನು 81ಕ್ಕೆ 16 ಮತಗಳಿಂದ ಒಪ್ಪಿತು. ದುಡಿಮೆಯ ಹಣದ ಜೊತೆಗೆ ಸೋಷಿಯಲ್ ಸೆಕ್ಯುರಿಟಿ ಹಣ, ರೈಲ್ವೆ ನಿವೃತ್ತಿ ವೇತನದ ಒಂದು ಭಾಗ, ಮಾಜಿ ಸೈನಿಕರ ಇಲಾಖೆ ಕೊಡುವ ಅಂಗವಿಕಲ ಪರಿಹಾರ ಮತ್ತು ಪಿಂಚಣಿ, ಇವೆಲ್ಲ ಪಟ್ಟಿಗೆ ಸೇರಿದವು. ಒಂದು ಹೆಸರು ಮಾತ್ರ ಸೇರಲಿಲ್ಲ: ಎಸ್.ಎಸ್.ಐ.

ಹೊರಗಿನವರಿಗೆ ಸೋಷಿಯಲ್ ಸೆಕ್ಯುರಿಟಿ ಮತ್ತು ಎಸ್.ಎಸ್.ಐ. ಎರಡೂ ಒಂದೇ ಎಂದು ತೋರುವುದು ಸಹಜ. ಎರಡನ್ನೂ ಹಂಚುವುದು ಒಂದೇ ಕಚೇರಿ. ಅಂಗವಿಕಲ ಎಂದು ತೀರ್ಮಾನಿಸಲು ವಯಸ್ಕರಿಗೆ ಎರಡರಲ್ಲೂ ಇರುವ ವೈದ್ಯಕೀಯ ಅಳತೆಗೋಲೂ ಒಂದೇ. ಹಣ ಬರುವ ಚೀಲ ಮಾತ್ರ ಬೇರೆ. ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ, 1956ರಲ್ಲಿ, ಬಂದ ಅಂಗವಿಕಲ ವಿಮೆ ಹೆಸರಿಗೆ ತಕ್ಕಂತೆ ವಿಮೆಯೇ. ದುಡಿಯುವಾಗ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿಗೆಂದು 6.2 ಶೇಕಡ ಮುರಿದುಕೊಳ್ಳುತ್ತಾರೆ, ಮಾಲೀಕನೂ ಅಷ್ಟೇ ಸೇರಿಸುತ್ತಾನೆ. ಆ ನಿಧಿಯ ಒಂದು ಪಾಲು ಈ ವಿಮೆಗೆ ಹೋಗುತ್ತದೆ. ಮುಂದೆ ದೇಹ ಕೈಕೊಟ್ಟರೆ ಹಿಂದಿನ ಸಂಬಳಕ್ಕೆ ಅನುಗುಣವಾಗಿ ತಿಂಗಳ ಹಣ ಬರುತ್ತದೆ. ಎಸ್.ಎಸ್.ಐ., ಅಂದರೆ ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಂ, 1972ರಲ್ಲಿ ಕಾನೂನಾಗಿ 1974ರ ಜನವರಿಯಿಂದ ಜಾರಿಗೆ ಬಂದದ್ದು. ಇದು ಸರ್ಕಾರದ ಸಾಮಾನ್ಯ ಖಜಾನೆಯ ಹಣ. 65 ದಾಟಿದವರು, ಅಂಧರು, ಅಂಗವಿಕಲರು, ಇವರಲ್ಲಿ ಕೈಯಲ್ಲಿ ಏನೂ ಇಲ್ಲದವರಿಗೆ ಮಾತ್ರ. ಹುಟ್ಟಿನಿಂದಲೇ ನಡೆಯಲಾರದವನು, ಬುದ್ಧಿಮಾಂದ್ಯತೆಯಿಂದ ಕೆಲಸಕ್ಕೆ ಸೇರಲಾಗದವನು, ಇಪ್ಪತ್ತರೊಳಗೇ ಮಾನಸಿಕ ಕಾಯಿಲೆಗೆ ಸಿಕ್ಕಿದವನು ಇಂಥವರು ಸಂಬಳ ಎಂಬುದನ್ನು ಕಂಡವರಲ್ಲ. ಕಂಡರೂ ವಿಮೆಗೆ ಸಾಲುವಷ್ಟು ಕಾಲ ದುಡಿದವರಲ್ಲ. ಅವರಿಗೆ ಉಳಿದಿರುವುದು ಎಸ್.ಎಸ್.ಐ. ಒಂದೇ.

ಈಗ ಲೆಕ್ಕ ನೋಡಿ. ಇಪ್ಪತ್ತು ವರ್ಷ ದುಡಿದ ಒಬ್ಬ ಬಡಗಿ ಅಟ್ಟದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಎಂದಿಟ್ಟುಕೊಳ್ಳಿ. ಅವನಿಗೆ ತಿಂಗಳಿಗೆ 1,000 ಡಾಲರ್ ಅಂಗವಿಕಲ ವಿಮೆ. ವರ್ಷಕ್ಕೆ 12,000 ಅರ್ಹ ಆದಾಯ, ನಮೂನೆ ತುಂಬಿದರೆ 300 ಡಾಲರ್ ಬಂತು. ಪಕ್ಕದ ಮನೆಯಲ್ಲಿ ಹುಟ್ಟಿನಿಂದ ಬೆನ್ನುಮೂಳೆಯ ದೋಷವಿರುವ ಇನ್ನೊಬ್ಬ. 2007ರಲ್ಲಿ ಎಸ್.ಎಸ್.ಐ. ದರ ತಿಂಗಳಿಗೆ 623 ಡಾಲರ್, ವರ್ಷಕ್ಕೆ 7,476. ಇದು 3,000ದ ಎರಡರಷ್ಟಕ್ಕೂ ಹೆಚ್ಚು. ಆದರೂ ಅರ್ಹ ಆದಾಯದ ಅಂಕಣದಲ್ಲಿ ಸೊನ್ನೆ. ಕೈಗೆ ಬಂದದ್ದೂ ಸೊನ್ನೆ. ಅವನ ಜಾಗದಲ್ಲಿ ಎಸ್.ಎಸ್.ಐ. ಬಿಟ್ಟರೆ ಬೇರೇನೂ ಇಲ್ಲದ ಒಬ್ಬ ತಾಯಿ ಇದ್ದರೆ ಮಗುವಿನ ಪಾಲಿನ 300 ಡಾಲರೂ ಇಲ್ಲ. ತಾಯಿ ಹೊಸ್ತಿಲು ದಾಟದೆ ಮಗು ದಾಟುವಂತಿರಲಿಲ್ಲ.

ಇನ್ನೂ ಸೂಕ್ಷ್ಮವಾದ ಉದಾಹರಣೆ ಬೇಕಾದರೆ ಎರಡೂ ಬಗೆಯ ಹಣ ಸ್ವಲ್ಪ ಸ್ವಲ್ಪ ಪಡೆಯುವವರನ್ನು ನೋಡಬೇಕು. ಕೆಲವೇ ವರ್ಷ ಕಡಿಮೆ ಸಂಬಳಕ್ಕೆ ದುಡಿದವರ ವಿಮೆ ಹಣ ತೀರಾ ಸಣ್ಣದಾಗಿರುತ್ತದೆ. ಉಳಿದದ್ದನ್ನು ಎಸ್.ಎಸ್.ಐ. ತುಂಬಿಕೊಡುತ್ತದೆ. ತುಂಬುವಾಗ ವಿಮೆ ಹಣದಲ್ಲಿ ಮೊದಲ 20 ಡಾಲರನ್ನು ಬಿಟ್ಟು ಉಳಿದದ್ದನ್ನು 623ರಲ್ಲಿ ಕಳೆಯುತ್ತಾರೆ. ಒಬ್ಬಳಿಗೆ ವಿಮೆ ಹಣ 260 ಎಂದಿರಲಿ. 20 ಬಿಟ್ಟರೆ 240; 623ರಲ್ಲಿ 240 ಕಳೆದರೆ 383. ಒಟ್ಟು ಕೈಗೆ 643. ಇನ್ನೊಬ್ಬಳಿಗೆ ವಿಮೆ ಹಣ 240. 20 ಬಿಟ್ಟರೆ 220. 623ರಲ್ಲಿ ಕಳೆದರೆ 403. ಒಟ್ಟು ಕೈಗೆ ಮತ್ತೆ 643. ಇಬ್ಬರ ಬಾಡಿಗೆ, ಔಷಧಿ, ಬಸ್ ಖರ್ಚು ಎಲ್ಲ ಇಷ್ಟರಲ್ಲೇ ಸಾಗಬೇಕು. ಆದರೆ ಮೊದಲನೆಯವಳ ಅರ್ಹ ಆದಾಯ ವರ್ಷಕ್ಕೆ 3,120, ಅವಳಿಗೆ 300 ಡಾಲರ್ ಉಂಟು. ಎರಡನೆಯವಳದು 2,880, ಅವಳಿಗೆ ಇಲ್ಲ. ಅವಳು ಎಲ್ಲಾದರೂ 120 ಡಾಲರ್ ಸಂಬಳಕ್ಕೆ ಕೆಲಸ ಮಾಡಿದ್ದರೆ ದಾಟಿಬಿಡುತ್ತಿದ್ದಳು. ತಿಂಗಳಿಗೆ 65 ಡಾಲರ್ ವರೆಗಿನ ಗಳಿಕೆಗೆ ಎಸ್.ಎಸ್.ಐ.ಯಲ್ಲಿ ಕಡಿತವೂ ಇರಲಿಲ್ಲ. ಆದರೆ ಕಾನೂನು ಬಂದದ್ದು 2008ರ ಫೆಬ್ರುವರಿಯಲ್ಲಿ, ಕೇಳಿದ್ದು 2007ರ ಲೆಕ್ಕ. ಕಳೆದುಹೋದ ವರ್ಷಕ್ಕೆ ಹೋಗಿ ದುಡಿದು ಬರುವ ವಿದ್ಯೆ ಯಾರಿಗೂ ಗೊತ್ತಿಲ್ಲ. 2008ರಲ್ಲಿ ದುಡಿದು ಆ ವರ್ಷದ ಲೆಕ್ಕ ಸಲ್ಲಿಸುವಾಗ ಕೇಳಿ ಪಡೆಯುವ ದಾರಿಯೇನೋ ಇತ್ತು. ಅದು ಎಷ್ಟು ಜನರ ಕಿವಿಗೆ ಬಿದ್ದಿತ್ತೋ!

ಎಸ್.ಎಸ್.ಐ. ತೆರಿಗೆಗೆ ಒಳಪಡದ ಹಣ, ಆದ್ದರಿಂದ ಹೊರಗಿಟ್ಟರು ಎಂದು ಯಾರಾದರೂ ಹೇಳಬಹುದು. ಈ ಸಮಾಧಾನ ನಿಲ್ಲುವುದಿಲ್ಲ. ಮಾಜಿ ಸೈನಿಕರ ಅಂಗವಿಕಲ ಪರಿಹಾರಕ್ಕೂ ತೆರಿಗೆ ಇಲ್ಲ; ಅದು ಪಟ್ಟಿಯಲ್ಲಿತ್ತು. ಬೇರೆ ಆದಾಯವಿಲ್ಲದ ಬಡಗಿಯ ವಿಮೆ ಹಣಕ್ಕೂ ತೆರಿಗೆ ಬೀಳುವುದಿಲ್ಲ, ಅದೂ ಪಟ್ಟಿಯಲ್ಲಿತ್ತು. ಪಟ್ಟಿಯನ್ನು ಎಷ್ಟು ಸಲ ಓದಿದರೂ ಸಿಗುವ ಸಮಾನ ಅಂಶ ಒಂದೇ. ಒಂದಲ್ಲ ಒಂದು ಕಾಲದಲ್ಲಿ ದುಡಿಮೆ ಅಥವಾ ಸೇವೆ ಆ ಹಣದ ಹಿಂದೆ ಇರಬೇಕು. ಸ್ವಂತದ್ದೇ ಆಗಬೇಕೆಂದೂ ಇಲ್ಲ. ಇಪ್ಪತ್ತೆರಡು ತುಂಬುವ ಮೊದಲೇ ಅಂಗವಿಕಲಳಾಗಿ, ಬೇರೆ ಮನೆ ಮಾಡಿಕೊಂಡು ಎಸ್.ಎಸ್.ಐ.ಯಲ್ಲಿ ಬದುಕುತ್ತಿರುವ ಮಗಳೊಬ್ಬಳ ತಂದೆ ನಿವೃತ್ತನಾದ ಎನ್ನಿ. ಅಂದಿನಿಂದ ಅವಳು ತಂದೆಯ ಖಾತೆಯ ಮೇಲೆ ಸೋಷಿಯಲ್ ಸೆಕ್ಯುರಿಟಿ ಹಣಕ್ಕೆ ಹಕ್ಕುದಾರಳು. ಅವಳ ಕಾಲು ಬದಲಾಗಿಲ್ಲ, ಕೋಣೆ ಬದಲಾಗಿಲ್ಲ, ಹಣದ ಮೊತ್ತವೂ ಬಹಳ ಬದಲಾಗದಿರಬಹುದು. ಹಣದ ಹೆಸರು ಬದಲಾಯಿತು, 3,000 ದಾಟಿದರೆ ಅವಳೂ ಅರ್ಹಳಾದಳು.

ಇದೇ ಕಾಯಿದೆಯ ಮೇಲ್ತುದಿಯಲ್ಲಿ ಏನಿತ್ತು ಎಂಬುದನ್ನೂ ನೋಡಬೇಕು. ವರ್ಷಕ್ಕೆ 75,000 ಡಾಲರಿಗಿಂತ ಹೆಚ್ಚು ಆದಾಯವಿದ್ದವರಿಗೆ ಹಣ ಒಮ್ಮೆಲೇ ನಿಲ್ಲುತ್ತಿರಲಿಲ್ಲ. ಹೆಚ್ಚಿನ ಪ್ರತಿ 1,000ಕ್ಕೆ 50 ಡಾಲರಿನಂತೆ ನಿಧಾನವಾಗಿ ಇಳಿದು 87,000ಕ್ಕೆ ಮುಗಿಯುತ್ತಿತ್ತು. ಗ್ರಾಫ್ ಹಾಳೆಯ ಮೇಲೆ ಬರೆದರೆ ಬಲಗಡೆ ಹಿತವಾದ ಇಳಿಜಾರು, ಎಡಗಡೆ ನೆಟ್ಟಗಿನ ಗೋಡೆ. 99 ಡಿಗ್ರಿಯಲ್ಲಿ ಕುದಿಯದ ನೀರು 100ರಲ್ಲಿ ಕುದಿಯುತ್ತದೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಈ ಗೋಡೆಯನ್ನು ಮಾತ್ರ ಕಟ್ಟಿದ್ದು ಮನುಷ್ಯರು. ಬಡವರಿಗೂ ಒಂದು ಇಳಿಜಾರು ಮಾಡಿಕೊಡಲು ಅಡ್ಡಿ ಏನಿತ್ತು?

ಹಣ ಬೇಗ ಖರ್ಚಾಗಬೇಕೆಂಬುದೇ ಸರ್ಕಾರದ ಉದ್ದೇಶವಾಗಿದ್ದರೆ ಎಸ್.ಎಸ್.ಐ. ಪಡೆಯುವವರಷ್ಟು ಸೂಕ್ತರಾದವರು ಇನ್ನೊಬ್ಬರಿಲ್ಲ. ಅವರಿಗೆ ಉಳಿತಾಯ ಮಾಡಲು ಕಾನೂನಿನ ಅಡ್ಡಿಯೇ ಇದೆ. ಒಬ್ಬರ ಬಳಿ ಹಣ, ಬ್ಯಾಂಕ್ ಉಳಿತಾಯ ಇತ್ಯಾದಿ ಸೇರಿ 2,000 ಡಾಲರಿಗಿಂತ ಹೆಚ್ಚು ಇರಬಾರದು. ದಂಪತಿಗಾದರೆ 3,000. ವಾಸದ ಮನೆ ಮತ್ತು ಒಂದು ಕಾರು ಈ ಲೆಕ್ಕಕ್ಕೆ ಬರುವುದಿಲ್ಲ. 1989ರಿಂದ ಈ ಮಿತಿ ಬದಲಾಗಿಲ್ಲ, ಬೆಲೆಗಳು ಎಷ್ಟು ಪಟ್ಟು ಏರಿದ್ದರೂ. ಮಿತಿ ದಾಟಿದ ತಿಂಗಳು ಎಸ್.ಎಸ್.ಐ. ನಿಲ್ಲುತ್ತದೆ, ಅನೇಕ ರಾಜ್ಯಗಳಲ್ಲಿ ಅದರ ಜೊತೆ ಬರುವ ಮೆಡಿಕೇಡ್ ವೈದ್ಯಕೀಯ ನೆರವಿಗೂ ಕುತ್ತು. 2008ರಲ್ಲಿ ಎರಡೂ ಬಗೆಯ ಹಣ ಪಡೆಯುತ್ತಿದ್ದವರ ಕೈಗೆ ರಿಬೇಟ್ ಬಂದಾಗ ಒಂದು ವಿನಾಯಿತಿ ಕೊಟ್ಟರು. ಅದನ್ನು ಆದಾಯವೆಂದು ಎಣಿಸುವುದಿಲ್ಲ. ಬಂದ ತಿಂಗಳು ಮತ್ತು ಮುಂದಿನ ಎರಡು ತಿಂಗಳು ಆಸ್ತಿಯೆಂದೂ ಎಣಿಸುವುದಿಲ್ಲ. ಅಂದರೆ ಮೂರು ತಿಂಗಳೊಳಗೆ ಖರ್ಚು ಮಾಡಿ ಮುಗಿಸಬೇಕು, ಇಲ್ಲವಾದರೆ ಉಳಿದದ್ದು 2,000ದ ಲೆಕ್ಕಕ್ಕೆ ಸೇರುತ್ತದೆ. ಮಳೆಗಾಲಕ್ಕೆಂದು ನಾಲ್ಕು ಕಾಸು ಎತ್ತಿಡುವುದು ಅಲ್ಲಿ ಜಾಣತನವಲ್ಲ.

ಮರುವರ್ಷ ಅಧ್ಯಕ್ಷ ಒಬಾಮ ಬಂದರು. 2009ರ ಫೆಬ್ರುವರಿ 17ರಂದು ಸಹಿಯಾದ ಕಾಯಿದೆ ಬೇರೆ ದಾರಿ ಹಿಡಿಯಿತು. ದುಡಿಯುವವರಿಗೆ 400 ಡಾಲರಿನ ತೆರಿಗೆ ರಿಯಾಯಿತಿ. ಸೋಷಿಯಲ್ ಸೆಕ್ಯುರಿಟಿ, ರೈಲ್ವೆ, ಮಾಜಿ ಸೈನಿಕರ ಹಣ ಪಡೆಯುವವರಿಗೆ ತಲಾ 250 ಡಾಲರ್. ಈ ಸಲ ಎಸ್.ಎಸ್.ಐ. ಪಡೆಯುವವರೂ ಸೇರಿದರು. ಯಾವ ನಮೂನೆಯನ್ನೂ ತುಂಬಬೇಕಾಗಿರಲಿಲ್ಲ. ತಿಂಗಳ ಹಣ ಹೋಗುವ ಖಾತೆ, ವಿಳಾಸ ಕಚೇರಿಯಲ್ಲೇ ಇತ್ತಲ್ಲ. ಮೇ ತಿಂಗಳಿನಲ್ಲಿ ಅಲ್ಲಿಗೇ ಕಳಿಸಿದರು. ಆಸ್ತಿ ಲೆಕ್ಕದ ವಿನಾಯಿತಿಯೂ ಮುಂದಿನ ಒಂಬತ್ತು ತಿಂಗಳಿಗೆ ಹಿಗ್ಗಿತು. ಸ್ವಲ್ಪ ಕೆಲಸವನ್ನೂ ಮಾಡುತ್ತಿದ್ದ ಅಂಗವಿಕಲರಿಗೆ 250 ಮತ್ತು 400 ಎರಡೂ ಪೂರ್ತಿ ಸಿಗಲಿಲ್ಲ. 400ರಲ್ಲಿ 250ನ್ನು ಕಳೆದುಕೊಂಡರು. ಹಿಂದಿನ ವರ್ಷದ ಪಾಡಿಗೆ ಹೋಲಿಸಿದರೆ ಅದು ದೊಡ್ಡ ದೂರಲ್ಲ.

ಮುಂದಿನ ದೊಡ್ಡ ಹಂಚಿಕೆ ಕೊರೊನಾ ಕಾಲದ್ದು. 2020ರ ಮಾರ್ಚ್ 27ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾಯಿದೆಯಲ್ಲಿ ವಯಸ್ಕರಿಗೆ 1,200 ಡಾಲರ್, 17ರೊಳಗಿನ ಮಕ್ಕಳಿಗೆ 500. ಸೆನೆಟ್ಟಿನ ಮೊದಲ ಕರಡಿನಲ್ಲಿ ಹಳೆಯ ಹೊಸ್ತಿಲು ಮತ್ತೆ ತಲೆ ಎತ್ತಿತ್ತು. ಈ ಸಲ 2,500 ಡಾಲರ್. ಕೊನೆಗೆ ಅದನ್ನು ತೆಗೆದುಹಾಕಿದರು. ಆದಾಯ ಸೊನ್ನೆ ಇದ್ದರೂ 1,200 ಡಾಲರ್ ಪೂರ್ತಿ ಎಂದಾಯಿತು. ಆದರೂ ಮಾರ್ಚ್ 30ರಂದು ತೆರಿಗೆ ಇಲಾಖೆ ಸೋಷಿಯಲ್ ಸೆಕ್ಯುರಿಟಿ ಪಡೆಯುವವರೂ ಒಂದು ಸರಳ ಲೆಕ್ಕ ಸಲ್ಲಿಸಬೇಕು ಎಂದು ಪ್ರಕಟಿಸಿತು. ಜನ ಮನೆಯಿಂದ ಹೊರಬೀಳದ ದಿನಗಳು ಅವು. ಪ್ರತಿಭಟನೆ ಎದ್ದು ಏಪ್ರಿಲ್ 1ರಂದು ಆ ಮಾತನ್ನು ಹಿಂತೆಗೆದುಕೊಂಡರು. ಎಸ್.ಎಸ್.ಐ.ನವರಿಗೂ ತಾನಾಗಿಯೇ ಹಣ ಬರುತ್ತದೆ ಎಂಬ ಭರವಸೆ ಸಿಗಲು ಏಪ್ರಿಲ್ 15 ಆಗಬೇಕಾಯಿತು. ಮಕ್ಕಳಿರುವವರು ಮಕ್ಕಳ 500 ಡಾಲರಿಗಾಗಿ ಪ್ರತ್ಯೇಕ ಮಾಹಿತಿ ಕೊಡಬೇಕಿತ್ತು. ಸೋಷಿಯಲ್ ಸೆಕ್ಯುರಿಟಿ ಪಡೆಯುವವರಿಗೆ ಏಪ್ರಿಲ್ 20ರಂದು ಎಚ್ಚರಿಕೆ ಕೊಟ್ಟು 22ರಂದು ಗಡುವು ಮುಗಿಸಿದರು. ಎರಡೇ ದಿನ! ಅದೂ ಕಂಪ್ಯೂಟರಿನ ಮೂಲಕ. ಕಣ್ಣು ಕಾಣದವರು, ಕೈ ಆಡದವರು ಇರುವ ಗುಂಪಿಗೆ ಇಂಥ ಗಡುವು ಕೊಟ್ಟವರ ಬುದ್ಧಿಗೆ ಏನನ್ನಬೇಕು. ತಪ್ಪಿಹೋದವರಿಗಾಗಿ ಆ ವರ್ಷವೇ ಮತ್ತೆ ಬಾಗಿಲು ತೆರೆಯಬೇಕಾಯಿತು.

ಹೊಸ್ತಿಲು ಹೋದರೂ 2020ರಲ್ಲಿ ಇನ್ನೊಂದು ಅಗಳಿ ಉಳಿದಿತ್ತು. ಅದು 'ಅವಲಂಬಿತ' ಎಂಬುದು. ತಂದೆತಾಯಿಯ ತೆರಿಗೆ ಲೆಕ್ಕದಲ್ಲಿ ಅವಲಂಬಿತನಾಗಿ ಸೇರಬಲ್ಲ 25 ವರ್ಷದ ಅಂಗವಿಕಲ ಮಗನಿಗೆ ಸ್ವಂತಕ್ಕೆ 1,200 ಇಲ್ಲ. 17 ದಾಟಿದ್ದರಿಂದ ಅವನ ಹೆಸರಿನಲ್ಲಿ ತಂದೆತಾಯಿಗೆ 500ರೂ ಇಲ್ಲ. ತಂದೆ ಅವನ ಹೆಸರನ್ನು ಬೇಕೆಂದೇ ಬಿಟ್ಟರೂ ಪ್ರಯೋಜನವಿಲ್ಲ. ಸೇರಿಸಲು ಅವಕಾಶವಿದ್ದರೆ ಸಾಕು, ಮಗ ಅನರ್ಹ. 2020ರ ಡಿಸೆಂಬರಿನ 600 ಡಾಲರ್ ಹಂಚಿಕೆಯಲ್ಲೂ ಇದೇ ಕಥೆ. ಈ ಅಗಳಿ ಅಲ್ಲಿನ ಕನ್ನಡಿಗರ ಮನೆಗಳಿಗೂ ತಟ್ಟುವಂಥದ್ದು. ಮಕ್ಕಳ ಜೊತೆ ಇರಲು ಹೋಗಿ ಅಲ್ಲೇ ನೆಲೆಸಿ, ಮಗನ ತೆರಿಗೆ ಲೆಕ್ಕದಲ್ಲಿ ಅವಲಂಬಿತರಾಗಿ ಸೇರುವ ಅಪ್ಪ ಅಮ್ಮಂದಿರಿಗೂ ಇದೇ ನಿಯಮ. ಎಚ್-1ಬಿ ವೀಸಾದಲ್ಲಿ ಹೋದವರ ಪಾಡು ಇನ್ನೊಂದು ಬಗೆ. ಹೆಂಡತಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದೆ ಜಂಟಿ ಲೆಕ್ಕ ಸಲ್ಲಿಸಿದ್ದರೆ 2008ರಲ್ಲಿ ಗಂಡನ ಪಾಲೂ ಹೋಗುತ್ತಿತ್ತು. 2020ರ ಮೊದಲ ಕಾಯಿದೆಯಲ್ಲೂ ಹಾಗೆಯೇ ಇತ್ತು. ಡಿಸೆಂಬರಿನ ಕಾಯಿದೆ ಅದನ್ನು ಸರಿಪಡಿಸಿತು. ಅವಲಂಬಿತರ ವಿಷಯ ಸರಿಯಾದದ್ದು ಅದಕ್ಕೂ ಮುಂದೆ. 2021ರ ಮಾರ್ಚ್ 11ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಕಾಯಿದೆ, ಅವಲಂಬಿತರಿಗೆ ವಯಸ್ಸು ಎಷ್ಟೇ ಇರಲಿ 1,400 ಡಾಲರ್ ಎಂದಿತು.

ಹಣ ಬಂದ ಮೇಲೆ ಅದು ಯಾರ ಕೈಯಲ್ಲಿ ಇರಬೇಕು ಎಂಬ ಪ್ರಶ್ನೆಯೂ ಎದ್ದಿತು. ಸ್ವತಃ ವ್ಯವಹಾರ ನೋಡಿಕೊಳ್ಳಲಾಗದ ಅಂಗವಿಕಲರ ತಿಂಗಳ ಹಣವನ್ನು ಅವರ ಪರವಾಗಿ ಇನ್ನೊಬ್ಬರು ಪಡೆಯುವ ಪದ್ಧತಿ ಇದೆ. ಈ ವಿಶೇಷ ಹಣ ಸೋಷಿಯಲ್ ಸೆಕ್ಯುರಿಟಿಯ ಹಣವಲ್ಲ, ಫಲಾನುಭವಿಗೇ ಸೇರಿದ್ದು ಎಂದು ಆ ಇಲಾಖೆ ಸ್ಪಷ್ಟಪಡಿಸಿತು. ವೃದ್ಧರ ಮತ್ತು ರೋಗಿಗಳ ಆರೈಕೆ ಮನೆಗಳು ಇದನ್ನು ಬರೆಸಿಕೊಳ್ಳುವಂತಿಲ್ಲ ಎಂದು ಕೇಂದ್ರ ವ್ಯಾಪಾರ ಆಯೋಗವೂ 2020ರಲ್ಲಿ ಎಚ್ಚರಿಸಬೇಕಾಯಿತು.

ಮೂರು ಕಂತೂ ಕೈಸೇರಿದ ಎಸ್.ಎಸ್.ಐ. ಫಲಾನುಭವಿಗೆ ಬಂದ ಮೊತ್ತ 1,200, 600, 1,400 ಸೇರಿ 3,200 ಡಾಲರ್. ಇಟ್ಟುಕೊಳ್ಳಬಹುದಾದ ಆಸ್ತಿಯ ಮಿತಿ ಮಾತ್ರ ಅದೇ 2,000. ಕಾನೂನಿನ ಪ್ರಕಾರ ಇಂಥ ಹಣಕ್ಕೆ 12 ತಿಂಗಳ ವಿನಾಯಿತಿ ಇತ್ತು. ಹದಿಮೂರನೆಯ ತಿಂಗಳು ಹತ್ತಿರವಾದಂತೆ, ಉಳಿದ ಹಣವನ್ನು ಏನು ಮಾಡುವುದೆಂಬ ದಿಗಿಲು ಹುಟ್ಟಿತು. 2021ರಲ್ಲಿ ಸೋಷಿಯಲ್ ಸೆಕ್ಯುರಿಟಿ ಇಲಾಖೆ ಈ ಹಣವನ್ನು ಪ್ರಕೃತಿ ವಿಕೋಪದ ಪರಿಹಾರಕ್ಕೆ ಸಮಾನವೆಂದು ಪರಿಗಣಿಸಿ, ಇನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ ಎಂದು ತೀರ್ಮಾನಿಸಿತು. ಅಷ್ಟರಲ್ಲಿ ಇದೇ ಕಾರಣಕ್ಕೆ ತಿಂಗಳ ಹಣ ಕಡಿತವಾಗಿದ್ದವರ ಕಡತಗಳನ್ನು ಸಾಂಕ್ರಾಮಿಕದ ಆರಂಭದಿಂದ ಮತ್ತೆ ತೆಗೆದು ನೋಡಿ, ಕಡಿದದ್ದನ್ನು ಹಿಂದಿರುಗಿಸುವ ಕೆಲಸಕ್ಕೂ ಇಲಾಖೆಯೇ ಕೈಹಾಕಿತು.